ರೇವವ್ವಗ ಒಪ್ಪಿದ ಕಾರು

ನನ್ನ ತಮ್ಮ ಶಂಭುಲಿಂಗಪ್ಪಗ ಕಾರಿನ ಹುಚ್ಚು ಹಿಡದೈತಿ ಅಂತ ಊರಾಗ ಆಡಿಕೊಂಡ್ರು. ಆಡಿಕೊಂಡವರ ಬಾಯಾಗ ಮಣ್ಣ ಬೀಳ್ಲಿ. ಅಂವ ಕಾರು ಹುಡುಕಿದ್ದು ಮೆರ್ಯಾಕಲ್ಲ, ಹೆಂಡ್ತಿ ರೇವವ್ವನ ಸಲುವಾಗಿ. ತಪ್ಪು ಆಗಿದ್ದು ಮಾತ್ರ ಖರೆ. ಆ ತಪ್ಪು ಅವಂದಲ್ಲ, ನಂದು. ಅದಕ್ಕ ನಾನ ಹೇಳಾಕತ್ತೇನಿ.

ನಾ ಶಿವಗಂಗವ್ವ. ಗಂಡ ತೀರಿಕೊಂಡ ಮ್ಯಾಲೆ ಮಿಶ್ರಿಕೋಟಿಯ ತವರಮನ್ಯಾಗ ಇರಾಕಿ. ಮನ್ಯಾಗ ಅಪ್ಪ, ಅಕ್ಕಿ ಗಿರಣಿ ನೋಡಿಕೊಳ್ಳೂ ತಮ್ಮ, ಅವನ ಹೆಂಡ್ತಿ ರೇವವ್ವ. ಎಂಬತ್ನಾಕನೇ ಇಸವಿ ಯುಗಾದಿ ಮುಂದ ರೇವವ್ವಗ ಸೊಂಟದಾಗ ಬ್ಯಾನಿ ಚಾಲೂ ಆತು. ಅಲ್ಲಿಂದ ಎದ್ದ ಛಳಕು ತೊಡಿ ಹಿಡದು ಹಿಮ್ಮಡತನಕಾ ಇಳೀತಿತ್ತು. ಮನೀ ತುಂಬ ಗಿರಗಿರ ತಿರಗತಿದ್ದ ಹೆಣಮಗಳು ಹಾಸಿಗಿ ಹಿಡದ್ಲು. ಹುಬ್ಬಳ್ಳಿ ಎಲುಬಿನ ಡಾಕ್ಟ್ರು ಬೆನ್ನಿನ ಫೋಟೋ ತಗಿಸಿ ನೋಡಿ, "ಬೆನ್ನೆಲುಬು ನರಾ ಒತ್ತಾಕತ್ತೈತಿ. ಹದಿನೈದು ದಿನಕ್ಕೊಮ್ಮೆ ಕರಕೊಂಡ ಬರ್ರಿ. ನಡುವ ಏನರೆ ಬದಲಾತಂದ್ರ ಅವತ್ತ ಬರ್ರಿ, ತಡಾ ಮಾಡಬ್ಯಾಡ್ರಿ" ಅಂದ್ರು. ಬದಲಾಗೂದಂದ್ರ ಬ್ಯಾನಿ ಹೆಚ್ಚಾಗೂದು ಅಂತ ನಾವು ತಿಳಕೊಂಡ್ವಿ. ಮತ್ತೇನ ತಿಳಕೋಬೇಕಿತ್ರಿ?

ಆದ್ರ ಕರಕೊಂಡ ಹೋಗೂದು ಹೆಂಗ? ಬಾಡಿಗಿ ಜೀಪಿನಾಗ ಒಮ್ಮೆ ಹೋಗಿ ಬರೂದ್ರಾಗ ಅಕಿ ಸೆರಗು ಕಚ್ಚಿ ಕಚ್ಚಿ ಹರದು, ಎಚ್ಚರ ತಪ್ಪಿದ್ಲು. ಮನಿಗೆ ಬಂದು ನನ್ನ ಕೈ ಹಿಡಕೊಂಡು, "ಅಕ್ಕಾರ, ಮತ್ತ ಆ ಜೀಪ್ ಹತ್ತಿಸೂದಿದ್ರ ನನ್ನ ಬಾವಿಗೆ ನೂಕಿಬಿಡ್ರಿ" ಅಂದ್ಲು. ಹೊರಗ ನಿಂತು ಕೇಳಿಸಿಕೊಂಡ ಶಂಭು ಅವತ್ತ ಕಾರು ತಗೊಳ್ಳೂದಂತ ಗಟ್ಟಿ ಮಾಡಿದ. ಹೊಸಾದಕ್ಕ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಒಂದೆರಡು ವರ್ಷ ಓಡಿದ್ದು ತೋರಸ್ತೇನಿ ಅಂತ ಕಲಘಟಗಿಯ ಮಿಸ್ತ್ರಿ ಮಲಿಕಸಾಬ ಮಾತು ಕೊಟ್ಟ.

ಕಾರು ಪರೀಕ್ಷಾ ಮಾಡಾಕ ನಮ್ಮ ಹಳ್ಳ ದಾಟೂ ಪೂಲಿನ ಮುಂದಿನ ರಸ್ತೆ ಸಾಕಾಗಿತ್ತು. ಅಲ್ಲೆ ಡಾಂಬರು ಕಿತ್ತು ಮೊಣಕಾಲಮಟ ತಗ್ಗು. ಶಂಭು ಗಾಡಿ ಹೊಡಿಯಾಂವ, ಅಪ್ಪ ಅವನ ಬಾಜೂ, ಹಿಂದ ನನ್ನ ತೊಡಿಮ್ಯಾಲೆ ತಲಿ ಇಟ್ಟು ರೇವವ್ವ. ಮಾವನ ಮುಂದ ಸೊಸಿ ಬಾಯಿ ತಗದು "ಇಲ್ಲೆ ನೋಯತೈತಿ" ಅನ್ನೂದುಂಟೇನು? ಅದಕ್ಕ ಅಕಿ ನನ್ನ ಕೈ ಹಿಚಕಬೇಕು, ಹಿಚಕಿದ್ದು ನೋಡಿ ನಾ ಹೇಳಬೇಕು. ಹಂಗ ಮಾತಾಡಿಕೊಂಡಿದ್ವಿ.

ಮೊದಲನೇದು ಪದ್ಮಿನಿ ಕಾರು. ಸಾದಾದಕ್ಕೂ ಡಿಲಕ್ಸಿಗೂ ಏನ ಫರಕ ಅಂತ ಶಂಭು ದಾರಿ ತುಂಬ ಪುರಾಣ ಹೇಳಿದ. ತಗ್ಗು ಇಳದಕೂಡ್ಲೆ ರೇವವ್ವನ ಉಗುರು ನನ್ನ ಅಂಗೈಯಾಗ ನೆಟ್ಟು ರಕ್ತ ಬಂತು. "ಸಾಕ್ ನಿಲ್ಲಸೋ!" ಅಂತ ಚೀರಿದೆ. ಇಳದು ಗೇಣು ಹಾಕಿ ಸೀಟು ಅಳದ ಶಂಭು, "ಅಕಿ ಉದ್ದಕ್ಕ ಸಾಲೂದಿಲ್ಲಬೇ. ಡಿಲಕ್ಸ್ ತಂದ್ರೂ ಉದ್ದ ಇಷ್ಟ" ಅಂದ.

ಎರಡನೇದು ಡಿಸೇಲ್ ಅಂಬಾಸಿಡರ್. ಸೀಟು ಉದ್ದ, ಬಾಗಲಾ ಅಗಲ, ಎತ್ತಿ ಕುಂದ್ರಸಾಕ ಸಸಾರ. ಆದ್ರ ಡಿಸೇಲ್ ಯಂತ್ರ ಅಂದ್ರ ನಡುಗು ಇದ್ದದ್ದ. ಮನೀ ಮುಂದ ಚಾಲೂ ಮಾಡಿ ನಿಲ್ಲಿಸಿದಾಗನ ಅಕಿ ಕೈ ಬಿಗೀ ಆತು. ಅಪ್ಪ, "ಡಿಸೇಲ್ ಸೋವಿ ಬೀಳತೈತಿ, ನಾಕ ದಿನದಾಗ ರೂಢಿ ಆಗತಾಳ" ಅಂದ. ನನಗ ಮೈ ಉರೀತು. "ಸೋವಿ ಬೇಕಂದ್ರ ಚಕ್ಕಡಿ ಹೂಡ್ರಿ" ಅಂದೆ. ಅಪ್ಪ ಎರಡು ದಿನಾ ನನ್ನ ಕೂಡ ಮಾತಾಡ್ಲಿಲ್ಲ.

ಮಣ್ಣೆತ್ತಿನ ಅಮಾಸಿ ಕಳದು ಐದು ದಿನಕ್ಕ ಮಲಿಕಸಾಬ ಪೆಟ್ರೋಲ್ ಅಂಬಾಸಿಡರ್ ತಂದ. "ಅಕ್ಕಾರ, ಇದರಾಗ ಹಾಲಿನ ಕೊಡಾ ಇಟ್ರೂ ತುಳಕೂದಿಲ್ಲ" ಅಂತ ಹೊಗಳಿದ. ತಗ್ಗು ಬಂತು. ನಾ ಹಲ್ಲು ಕಚ್ಚಿ ಕೈ ಮುಂದ ಮಾಡಿ ಕೂತೆ. ಗಾಡಿ ಇಳೀತು, ಏರ್ತು. ರೇವವ್ವನ ಕೈ ನನ್ನ ಕೈಯಾಗ ಹತ್ತಿ ಉಂಡಿ ಹಂಗ ಮೆತ್ತಗ ಬಿದ್ದಿತ್ತು. ಬಗ್ಗಿ ಮಾರಿ ನೋಡಿದೆ. ಅಕಿ ಬೆರಗಾಗಿ ನನ್ನ ನೋಡಿ, ನೋವಿಲ್ಲ ಅಂತ ತಲಿ ಅಲ್ಲಾಡಿಸಿದ್ಲು. "ಇನ್ನೊಮ್ಮೆ ಹೊಡಿ" ಅಂದೆ. ಮೂರ ಸಲ ಹೊಡದ. ಮೂರೂ ಸಲ ಅಕಿ ಬೆರಳು ಸುದ್ದಾ ಮಡಚಲಿಲ್ಲ.

"ಇದ ನೋಡೋ ಕಾರು! ಇದನ್ನ ಬಿಟ್ಟು ಬ್ಯಾರೆ ಬ್ಯಾಡ!" ಅಂತ ಒದರಿದೆ. ಶಂಭು ಗಾಡಿ ನಿಲ್ಲಿಸಿ ಸ್ಟೇರಿಂಗ್ ಮ್ಯಾಲೆ ತಲಿ ಇಟ್ಟು ಅತ್ತಬಿಟ್ಟ. ಅಪ್ಪನೂ, "ಪೆಟ್ರೋಲ್ ಆದ್ರ ಪೆಟ್ರೋಲ್, ತಗೋ" ಅಂದ.

ಕಣ್ಣೀರು ಒರಸಿಕೊಂಡು ಶಂಭು, "ಅಕ್ಕಾ, ಹಿಂಗಿಂದ ಹಿಂಗ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡ ಬಂದಬಿಡೂಣು" ಅಂದ. ಅವತ್ತ ನನ್ನ ನಾಲಿಗಿ ಸೇದಿಹೋಗಬಾರದಿತ್ತೇನು! "ಹುಚ್ಚಪ್ಪಾ, ಆಷಾಢದಾಗ ಯಾರರೆ ಗಾಡಿ ಮನಿಗೆ ತರತಾರೇನಲೇ? ಪೂಜಿ ಆಗದ ಗಾಡ್ಯಾಗ ಜಡ್ಡಿನಾಕೀನ ಕರಕೊಂಡು ದವಾಖಾನಿಗೆ ಹೊಂಟೀದಿ. ನಾಗರ ಅಮಾಸಿ ಕಳೀಲಿ. ಶ್ರಾವಣದ ಮೊದಲ ಸೋಮಾರ ತರೂಣು. ಬ್ಯಾನಿನ ಇಲ್ಲದ ಮ್ಯಾಲೆ ಏನವಸರ?" ಅಂದೆ. ಅಂವ ಚಿಕ್ಕಂದಿನಿಂದ ನನ್ನ ಮಾತು ಮೀರಿದಾಂವಲ್ಲ. ಮಲಿಕಸಾಬ ಕಾರು ತಿರುಗಿಸಿಕೊಂಡು ಹೋದ.

ಅವತ್ತಿನಿಂದ ರೇವವ್ವಗ ಛಲೋ ನಿದ್ದಿ ಹತ್ತಿತು. ನರಳೂದು ನಿಂತಿತು. ಕಾರಿನ ಕಾಲಗುಣ ಅಂತ ನಾ ಓಣಿ ತುಂಬ ಹೇಳಿಕೊಂಡ ಬಂದೆ. ಒಂದಿನ ಶಾಖಕ್ಕಂತ ಬಟ್ಟಿ ಸುತ್ತಿ ಬಿಸಿ ಇಟ್ಟಿಗಿ ಅಕಿ ಕಾಲಿಗಿಟ್ಟು ಹಿತ್ತಲಕ್ಕ ಹೋದೆ. ಬಂದು ನೋಡಿದ್ರ ಹಿಮ್ಮಡದ ಮ್ಯಾಲೆ ನಿಂಬಿಕಾಯಿಯಷ್ಟು ಬೊಬ್ಬಿ. "ಅಯ್ಯ ನಿನ್ನ, ಬಾಯಿ ಇರಲಿಲ್ಲೇನ?" ಅಂದ್ರ, "ಗೊತ್ತ ಆಗಲಿಲ್ರಿ ಅಕ್ಕಾರ, ಕಾಲು ಜೋಮು ಹಿಡದಂಗ ಅಕ್ಕಾವು" ಅಂದ್ಲು. "ಮಲಗಿ ಮಲಗಿ ಹಂಗ ಆಗತೈತಿ ತಗಿ" ಅಂತ ನಕ್ಕು ತುಪ್ಪ ಹಚ್ಚಿದೆ. ನಗಬೇಕಾ ನಾನು? ಕಣ್ಣು ಎಲ್ಲಿಟ್ಟಿದ್ದೆ?

ಶ್ರಾವಣ ಸೋಮಾರ ಕಾರು ಬಂತು. ಕಾಯಿ ಒಡದು, ಗಾಲಿಗೆ ನಿಂಬಿಹಣ್ಣು ಇಟ್ಟು ಹೊಂಟ್ವಿ. ರೇವವ್ವ ಕಿಟಕ್ಯಾಗ ಭತ್ತದ ಗದ್ದಿ ನೋಡಿಕೋಂತ, ಮಾವ ಮುಂದ ಕೂತಾನಂತ ಸೆರಗಿನಾಗ ಬಾಯಿ ಮುಚ್ಚಿ ನಗಾಕತ್ತಿದ್ಲು. ಹುಬ್ಬಳ್ಳಿತನಕಾ ಒಮ್ಮೆನೂ ಹಾ ಅನಲಿಲ್ಲ.

ಡಾಕ್ಟ್ರು ಮ್ಯಾಜಿನ ಮ್ಯಾಲೆ ಮಲಗಿಸಿ ಅಂಗಾಲಿಗೆ ಸೂಜಿ ಚುಚ್ಚಿದ್ರು. ಒಂದಲ್ಲ, ನಾಕೈದು ಕಡೆ. ರೇವವ್ವ ಮ್ಯಾಲೆ ಫ್ಯಾನ್ ನೋಡಿಕೋಂತ ಇದ್ದಾಕಿ, "ಡಾಕ್ಟ್ರು ಇನ್ನೂ ನೋಡಾಕ ಚಾಲೂ ಮಾಡಿಲ್ಲೇನ್ರಿ ಅಕ್ಕಾರ?" ಅಂತ ಮೆಲ್ಲಕ ಕೇಳಿದ್ಲು.

ಡಾಕ್ಟ್ರು ನಮ್ಮನ್ನ ಹೊರಗ ಕರದು, "ಬ್ಯಾನಿ ಯಾವಾಗ ನಿಂತಿತು?" ಅಂತ ಕೇಳಿದ್ರು. ಶಂಭು ಖುಷೀಲೆ, "ಪೆಟ್ರೋಲ್ ಅಂಬಾಸಿಡರ್ ರಿ ಸಾಹೇಬ್ರ. ಪದ್ಮಿನಿ ನೋಡಿದ್ವಿ, ಡಿಸೇಲ್ ನೋಡಿದ್ವಿ, ಒಗ್ಗಲಿಲ್ಲ. ಇದರಾಗ ಕೂತಾಗಿಂದ ಒಂದಿನಾನೂ ನೋವಿಲ್ಲ. ತಿಂಗಳಾಕ ಬಂತ್ರಿ" ಅಂದ.

ಡಾಕ್ಟ್ರು, "ಅದು ಕಾರಿನ ಗುಣ ಅಲ್ಲಪಾ. ಅವತ್ತ ಆಕಿ ನರಾ ಸಾಯಾಕ ಹತ್ತಿದ್ವು. ಅವತ್ತ ತಂದಿದ್ರ ಆಪರೇಶನ್ ಮಾಡಿ ಕಾಲು ಉಳಸತಿದ್ವಿ. ಈಗ ಕೈ ಮೀರೇತಿ" ಅಂದ್ರು.

ಅಪ್ಪ ಬೆಂಚಿನ ಮ್ಯಾಲೆ ಕುಸದು ಕೂತ. ಅಕ್ಕ ತಡದ್ಲು ಅಂತ ಶಂಭು ಒಂದ ಮಾತು ಅಂದಿದ್ರ, ನನ್ನ ಕೆನ್ನಿಗೆ ಹೊಡದಿದ್ರ, ಅತ್ತು ಹಗುರ ಆಗತಿದ್ದೆ. ಅಂವ ನನ್ನ ಕಡೆ ನೋಡ್ಲೂ ಇಲ್ಲ.

ನಾ ಒಳಗ ಹೋದೆ. ಮಾವ ಇಲ್ಲಂತ ಸೆರಗು ಸರಿಸಿ ರೇವವ್ವ ಮಾರಿ ಅರಳಿಸಿದ್ಲು. "ಏನಂದ್ರು ಡಾಕ್ಟ್ರು, ಅಕ್ಕಾರ? ನೋವು ಹೋತಲ್ರಿ, ಮುಂದಿನ ಸಲ ಬರೂದ್ರಾಗ ನಾ ನಡಕೋಂತನ ಒಳಗ ಬರತೇನಿ, ನೋಡ್ರಿ ಬೇಕಾದ್ರ" ಅಂದ್ಲು.

"ಹ್ಞೂಂ" ಅಂದೆ. ನನ್ನ ಸೆರಗಿಲೆ ಅಕಿ ಅಂಗಾಲಿನ ರಕ್ತ ಒರಸಾಕತ್ತಿದ್ದೆ. ನಾ ಕಾಲು ಮುಟ್ಟೇನಿ ಅನ್ನೂದೂ ಅಕಿಗೆ ಗೊತ್ತಿರಲಿಲ್ಲ.