ಅತಿಥಿಯ ಕೈಗೆ ಬುಟ್ಟಿ ಕೊಟ್ಟ ಖಲ್ಫಾನ್

ಖಲ್ಫಾನ್ ಬಿನ್ ಮುಹನ್ನಾನಿಗೆ ‘ಇಲ್ಲ’ ಎನ್ನಲು ಬರುತ್ತದೆ. ಬೇರೆ ಕಡೆ ಇದು ಎತ್ತಿ ಹೇಳಬೇಕಾದ ಗುಣವಾಗಲಾರದು. ಆದರೆ ಒಮಾನಿನ ಈ ಬೆಟ್ಟಸೀಮೆಯಲ್ಲಿ, ಬಾಗಿಲಿಗೆ ಬಂದವನು ಹಗೆಯವನಾದರೂ ಮೊದಲು ಕಹ್ವಾ ಕಾಫಿ ಬಗ್ಗಿಸಿ ಕೊಟ್ಟು ಆಮೇಲೆ ಹೆಸರು ಕೇಳುವ ಜನರ ನಡುವೆ, ಅದರಲ್ಲೂ ಪ್ರವಾಸಿಗರಿಗೆ ಕೋಣೆ ಕೊಟ್ಟು ಬದುಕುವ ಮನುಷ್ಯನೊಬ್ಬ ಹಾಡಹಗಲಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಹುಬ್ಬು ಗಂಟಿಕ್ಕದೆ, ದನಿ ಏರಿಸದೆ ‘ಇಲ್ಲ’ ಎಂದುಬಿಡುವುದನ್ನು ಊರಿನ ಹಿರಿಯರು ಒಂದು ಅಂಗವೈಕಲ್ಯದಂತೆ ಕಾಣುತ್ತಿದ್ದರು. ಹುಟ್ಟಿನಿಂದ ಬಂದದ್ದು, ಪಾಪ, ಏನು ಮಾಡಲಾಗುತ್ತದೆ ಎಂಬ ಧಾಟಿ ಅವರದು.

ಒಮ್ಮೆ ನಲವತ್ತು ಜನರ ಬಸ್ಸೊಂದು ಅವನ ಬಾಗಿಲಲ್ಲಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಮಾರ್ಗದರ್ಶಿ ಇಳಿದು ಬಂದು, “ಒಂದೇ ಗಂಟೆ, ಚಿಕ್ಕಪ್ಪ” ಎಂದ.

“ಒಂದು ಗಂಟೇಲಿ ನಲವತ್ತು ಜನ ಏನ್ ಮಾಡ್ತಾರೆ?”

“ಫೋಟೋ ತೆಗೀತಾರೆ, ಬಚ್ಚಲಿಗೆ ಹೋಗ್ತಾರೆ, ಅಷ್ಟೆ.”

“ಫೋಟೋಗೆ ನೀರು ಬೇಡ, ಬೇಕಾದಷ್ಟು ತೆಕ್ಕೊಳ್ಳಿ. ಎರಡನೇದಕ್ಕೆ ನನ್ನ ಹತ್ರ ನೀರಿಲ್ಲ. ಕೆಳಗಡೆ ಪೆಟ್ರೋಲ್ ಬಂಕ್ ಇದೆ, ಅಲ್ಲಿ ಕೇಳಿ.”

ಹೀಗೆ ಹೇಳಿದವನೇ ಬಸ್ಸಿನ ಚಾಲಕನನ್ನು ಮಾತ್ರ ತೋಳು ಹಿಡಿದು ಒಳಗೆ ಕರೆದೊಯ್ದು, ಖರ್ಜೂರದ ತಟ್ಟೆ ಮುಂದಿಟ್ಟು, ಮೂರು ಬಟ್ಟಲು ಕಹ್ವಾ ಕುಡಿಸಿ ಕಳಿಸಿದ. ಕೇಳಿದರೆ, “ಅವನು ಕೆಲಸಕ್ಕೆ ಬಂದೋನು, ಉಸ್ತಾದಾ” ಎಂದ. ನಿಜ್ವಾ ಪಟ್ಟಣದ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದ ನನ್ನನ್ನು ನಿವೃತ್ತಿಯ ನಂತರವೂ ಈ ಊರಿನವರು ಟೀಚರಮ್ಮ ಎಂಬ ಅರ್ಥದ ಆ ಮಾತಿನಿಂದಲೇ ಕರೆಯುತ್ತಾರೆ.

ಅವನ ನಡಿಗೆಯನ್ನು ನೋಡಿದರೆ ಅವನ ಕಸುಬು ತಿಳಿಯುತ್ತದೆ. ಬೆಟ್ಟದ ಒಡಲಿನಿಂದ ಸುರಂಗವಾಗಿ ಬಂದು, ಊರು ಮುಟ್ಟಿದ ಮೇಲೆ ಕಲ್ಲುಗಾರೆಯ ಕಾಲುವೆಯಾಗಿ ತೋಟದಿಂದ ತೋಟಕ್ಕೆ ಹರಿಯುವ ಫಲಜಿನ ಅಂಚು ಒಂದು ಗೇಣಿಗಿಂತ ಅಗಲವಿಲ್ಲ. ಇಪ್ಪತ್ತೆರಡು ವರ್ಷ ಅದರ ಮೇಲೆ ಓಡಾಡಿ ನೀರಿನ ಸರದಿ ಕಾದವನು ಅವನು. ಆದ್ದರಿಂದ ನಿಜ್ವಾದ ಅಗಲವಾದ ಬೀದಿಯಲ್ಲೂ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇರ ಗೆರೆಯಲ್ಲಿಟ್ಟೇ ನಡೆಯುತ್ತಾನೆ, ಹಿಂದೆ ಬರುವವರು ತಿಳಿಯದೆ ಅವನ ಹಿಂದೆ ಸಾಲುಗಟ್ಟುತ್ತಾರೆ. ಕೈಗಡಿಯಾರ ಕಟ್ಟಿಕೊಳ್ಳುವುದಿಲ್ಲ. ಚಾವಡಿಯ ಮುಂದೆ ನೆಟ್ಟ ಕೋಲಿನ ನೆರಳು ಯಾವ ಕಲ್ಲಿನ ಮೇಲಿದೆ ಎಂದು ನೋಡಿ, ಇದು ಯಾರ ತೋಟದ ಸರದಿ ಎಂದು ಹೇಳುವ ಕಸುಬನ್ನು ಬಿಟ್ಟು ವರ್ಷಗಳಾದರೂ, ಗಂಟೆ ಎಷ್ಟೆಂದು ಯಾರಾದರೂ ಕೇಳಿದರೆ, “ನಸ್ರಾಳ ನಿಂಬೆತೋಟ ಮುಗೀತಾ ಬಂತು” ಎಂದೇ ಉತ್ತರ. ಚಳಿಗಾಲದಲ್ಲಿ ಬಿಳಿಯ ನಿಲುವಂಗಿಯ ಮೇಲೆ ತಂದೆಯ ಕಾಲದ ಖಾಕಿ ಉಣ್ಣೆಯ ಕೋಟು. ತಂದೆ ಆಜಾನುಬಾಹು, ಮಗ ಕುಳ್ಳ, ಹಾಗಾಗಿ ತೋಳು ಬೆರಳ ತುದಿಯನ್ನು ದಾಟುತ್ತದೆ. ಅದರ ಜೇಬುಗಳಲ್ಲಿ ಹುರಿ, ಒಣನಿಂಬೆ, ಮತ್ತು ಅತಿಥಿಗಳಿಂದ ಬಾಗಿಲಲ್ಲೇ ಇಸಿದುಕೊಂಡ ಶಾಂಪೂ ಸೀಸೆಗಳು. ಬದಲಿಗೆ ಎಲಚಿ ಎಲೆಯ ಪುಡಿ ಕೊಡುತ್ತಾನೆ. ತಲೆ ತೊಳೆದ ನೀರು ನಿಂಬೆಗಿಡಕ್ಕೆ ಹೋಗಬೇಕಾದ್ದರಿಂದ ಅದರಲ್ಲಿ ನೊರೆಯ ವಿಷ ಇರಕೂಡದು. ಹೊರಡುವ ದಿನ ಸೀಸೆಯನ್ನು ತಪ್ಪದೆ ಹಿಂದಿರುಗಿಸುತ್ತಾನೆ. ಒಬ್ಬಾಕೆ ಸಿಟ್ಟಿನಿಂದ ಅತ್ತೇಬಿಟ್ಟಳು. ಅವಳು ಅತ್ತು ಮುಗಿಸುವವರೆಗೆ ಎದುರಿಗೆ ನಿಂತಿದ್ದು, ಆಮೇಲೆ ಪುಡಿಯ ಬಟ್ಟಲನ್ನು ಅವಳ ಕೈಗಿತ್ತ.

ಜನ ಬಿಟ್ಟುಹೋದ ಹಳೆಯ ಮಣ್ಣಿನ ಮನೆಗಳಲ್ಲಿ ಆರು ಕೋಣೆ, ಕೋಣೆಗೆ ಇಬ್ಬರು, ಒಟ್ಟು ಹನ್ನೆರಡು ಜನ. ಹದಿಮೂರನೆಯವರಿಗೆ ಜಾಗವಿಲ್ಲ. ಈ ಸಂಖ್ಯೆ ಅವನಿಗೆ ಆಕಾಶದಿಂದ ಬಂದದ್ದಲ್ಲ. ತನ್ನ ಪಾಲಿಗೆ ಬಂದ ನೀರಿನ ಸರದಿಯಲ್ಲಿ ಕುದುರೆಮೆಂತೆಯ ಮೇವು ಬೆಳೆಯುತ್ತಿದ್ದ. ಆ ಮಡಿಯನ್ನು ಒಣಗಲು ಬಿಟ್ಟು, ಆ ನೀರು ಎಷ್ಟು ಜನರ ಸ್ನಾನ ಪಾನಕ್ಕೆ ಸಾಲುತ್ತದೆಂದು ಒಂದು ವರ್ಷ ಕೊಡದಿಂದ ಅಳೆದು ನೋಡಿ, ಹನ್ನೆರಡು ಎಂದು ಗೆರೆ ಎಳೆದ. ಬೇರೆಯವರು ಕೋಣೆ ಕಟ್ಟಿ ಆಮೇಲೆ ನೀರು ಹುಡುಕುತ್ತಾರೆ.

ಇಷ್ಟು ಲೆಕ್ಕಾಚಾರದ ಮನುಷ್ಯ ಮೊದಲ ವರ್ಷ ಮಾಡಿದ ತಪ್ಪನ್ನು ನಮ್ಮವರಲ್ಲದೆ ಇನ್ನಾರೂ ಮಾಡಲಾರರು. ಬಂದವನು ಮೂರು ದಿನ ಅತಿಥಿ. ಆ ಮೂರು ದಿನ ಅವನಿಂದ ಏನನ್ನೂ ಕೇಳುವಂತಿಲ್ಲ. ಪ್ರವಾಸಿಗರೋ ಎರಡು ರಾತ್ರಿ ಉಳಿದು ಹೊರಡುವವರು. ಬಾಡಿಗೆ ಕೇಳಲು ನಾಲಿಗೆ ಏಳದೆ ಖಲ್ಫಾನ್ ಅರ್ಧ ಚಳಿಗಾಲವನ್ನು ಪುಕ್ಕಟೆ ದಾಟಿಸಿದ. ಕಡೆಗೆ ಹೆಂಡತಿ ರಯ್ಯಾ, ಒಂಬತ್ತು ಹೆಂಗಸರ ಅಡುಗೆ, ಒಗೆತ, ಚಾಪೆ ನೇಯ್ಗೆಯ ತಂಡವನ್ನು ಆಳುವವಳು, ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

“ಹಾರಿಬನ ಅಪ್ಪಾ, ನೀನು ಕೋಣೆ ಬಾಡಿಗೆಗೆ ಇಟ್ಟಿದ್ದೀಯೋ, ನಿಮ್ಮಜ್ಜನ ಹರಕೆ ತೀರಿಸ್ತಿದ್ದೀಯೋ?”

ಅಂದಿನಿಂದ ಬಾಡಿಗೆ ಕೇಳುವ ಕೆಲಸ ಅವಳದು. ಆ ಹೊತ್ತಿನಲ್ಲಿ ಖಲ್ಫಾನ್ ಎದ್ದು ತೋಟಕ್ಕೆ ಹೋಗುತ್ತಾನೆ.

ಇದಾದ ಕೆಲವು ವರ್ಷಕ್ಕೆ ಬಂದ ಸಂಕಟ ಇಷ್ಟು ಸುಲಭದ್ದಾಗಿರಲಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಬೆಟ್ಟದಿಂದ ನುಗ್ಗಿದ ನೆರೆ ಸುರಂಗದೊಳಗೆ ಹೂಳು ತುಂಬಿತು. ನೀರು ವರ್ಷದಿಂದ ವರ್ಷಕ್ಕೆ ಸಣ್ಣಗಾಯಿತು. ಹೂಳೆತ್ತುವುದು ಹಿಂದೆಲ್ಲ ಊರಿನ ಗಂಡಸರ ಕೆಲಸ. ಈಗ ಆ ಗಂಡಸರು ಮಸ್ಕತ್ತಿನ ಕಚೇರಿಗಳಲ್ಲಿ ತಣ್ಣನೆಯ ಕೋಣೆಗಳಲ್ಲಿದ್ದರು. ಸರ್ಕಾರಕ್ಕೆ ಕೊಟ್ಟ ಅರ್ಜಿ ಉದ್ದನೆಯ ಪಟ್ಟಿಯೊಂದರ ಕೊನೆಯಲ್ಲಿ ಕೂತಿತ್ತು. ಕಾಲುವೆಯ ಕಟ್ಟಕಡೆಯ ತೋಟ ಸುವೈಲಿಮನದು. ಕೊನೆಯ ತೋಟಕ್ಕೆ ನೀರು ಕೊನೆಗೆ ಬರುತ್ತದೆ, ನಿಲ್ಲುವುದು ಮಾತ್ರ ಮೊದಲು. ಅವನ ಖರ್ಜೂರದ ಮರಗಳ ಗರಿ ಒಂದೊಂದಾಗಿ ಜೋತುಬಿದ್ದವು.

ಚಾವಡಿಯಲ್ಲಿ ಊರು ಸೇರಿತು. ಸುವೈಲಿಮ್ ಕೋಲು ಕುಟ್ಟಿ ಎದ್ದ.

“ನನ್ನ ಮರ ಸಾಯ್ತಿವೆ, ಇವನ ಮನೇಲಿ ಬಿಳೀ ಹೆಂಗಸರು ತಲೆ ತೊಳ್ಕೊಳ್ತಿದ್ದಾರೆ!”

“ಆ ನೀರೂ ಗಿಡಕ್ಕೇ ಹೋಗತ್ತೆ” ಎಂದ ಖಲ್ಫಾನ್.

“ಯಾರ ಗಿಡಕ್ಕೆ? ನಿನ್ನ ನಿಂಬೆಗೆ! ನನ್ನ ಖರ್ಜೂರ ನಿನ್ನ ನಿಂಬೇನ ನೋಡ್ಕೊಂಡು ಬದುಕ್ಬೇಕಾ?”

ಸುವೈಲಿಮನ ಸಿಟ್ಟು ನ್ಯಾಯವಾದದ್ದು, ಲೆಕ್ಕ ತಪ್ಪಾದದ್ದು. ಆರು ಕೋಣೆಗಳ ನೀರೆಲ್ಲ ಕೂಡಿದರೂ ಅವನ ಒಂದು ಮಡಿಗಿಂತ ಹೆಚ್ಚು ನೆನೆಯುತ್ತಿರಲಿಲ್ಲ. ನೀರನ್ನು ತಡೆದು ಕೂತದ್ದು ಸುರಂಗದ ಹೂಳು. ಆದರೆ ಹೂಳು ನೆಲದಡಿ ಇದೆ, ಒದ್ದೆ ತಲೆಯ ಹೆಂಗಸು ಕಣ್ಣೆದುರಿಗಿದ್ದಾಳೆ. ಜನ ಕಂಡದ್ದರ ಮೇಲೆ ತೀರ್ಪು ಕೊಡುತ್ತಾರೆ. ಅತಿಥಿಗೃಹ ಮುಚ್ಚಲಿ ಎಂಬ ಮಾತಿಗೆ ಬಹಳ ತಲೆಗಳು ಅಲ್ಲಾಡಿದವು. ಆಗ ಖಲ್ಫಾನ್ ಎದ್ದು ನಿಂತ.

“ಖರ್ಜೂರದ ಹೊಂಬಾಳೆ ಒಡೆಯೋ ಹೊತ್ತಿಗೆ ನಿನ್ನ ಕಟ್ಟಕಡೇ ಮರದ ಬುಡಕ್ಕೆ ನೀರು ಬರ್ದೇ ಇದ್ರೆ, ಆರೂ ಕೋಣೆ ಬೀಗದಕೈ ತಂದು ನಿನ್ನ ಕೈಗೇ ಕೊಡ್ತೀನಿ, ಸುವೈಲಿಮ್. ಅಲ್ಲೀವರ್ಗೆ ನನ್ನ ಬಾಗಿಲು ಮುಟ್ಬೇಡಿ.”

ಊರು ಒಪ್ಪಿತು. ಮೂರೂವರೆ ತಿಂಗಳಿತ್ತು, ಕೆಲಸಕ್ಕೆ ಕೈಗಳಿರಲಿಲ್ಲ. ಸುರಂಗ ತೋಡುವ ಮನೆತನದ ಇಬ್ಬರು ಒಳಗಿಳಿದು ಅಗೆಯಲು ಒಪ್ಪಿದ್ದರು. ಅಗೆದದ್ದನ್ನು ಮೇಲೆ ಹೊತ್ತು ಹಾಕಲು ಇಪ್ಪತ್ತು ಜನ ಬೇಕು. ಮರುದಿನ ಅವನು ನನ್ನ ಮನೆಗೆ ಬಂದು, ಕೂರದೆ, ಕೇಳಿದ:

“ಉಸ್ತಾದಾ, ಅತಿಥಿ ಎಷ್ಟು ದಿನ ಅತಿಥಿ?”

“ಮೂರು ದಿನ. ಮಕ್ಕಳಿಗೂ ಗೊತ್ತು.”

“ನಾಲ್ಕನೇ ದಿನ?”

“ಮನೆಯವನು.”

“ಮನೆಯವನು ಕೂತು ತಿಂತಾನಾ?”

ಅವನ ಮನಸ್ಸಿನಲ್ಲಿದ್ದುದು ಆಗ ನನಗೆ ಹೊಳೆಯಿತು. ಇದು ಹುಚ್ಚು ಎಂದೆ. ಕೇಳಿಸಿಕೊಂಡು, ಕಾಗದ ಲೇಖನಿ ನನ್ನ ಮುಂದೆ ಸರಿಸಿದ. ಅವನು ಹೇಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ: ನಾಲ್ಕು ರಾತ್ರಿಗಿಂತ ಕಡಿಮೆ ಉಳಿಯುವವರಿಗೆ ಕೋಣೆ ಇಲ್ಲ. ಮೂರು ದಿನ ನೀವು ನಮ್ಮ ಅತಿಥಿಗಳು, ಲೋಟವನ್ನೂ ಎತ್ತಬೇಡಿ. ನಾಲ್ಕನೆಯ ದಿನ ನೀವು ಮನೆಯವರು. ಅಂದು ಬೆಳಗ್ಗೆ ಊರಿನ ಕಾಲುವೆಯ ಹೂಳು ಹೊರಬೇಕು.

ನವೆಂಬರ್ ತಿಂಗಳೆಲ್ಲ ಆರು ಕೋಣೆಯೂ ಖಾಲಿ. ಒಂಬತ್ತು ಹೆಂಗಸರು ಅಂಗಳದಲ್ಲಿ ಕೂತು ನೇಯ್ದ ಚಾಪೆಯನ್ನೇ ಬಿಚ್ಚಿ ನೇಯ್ದರು. “ಹಾರಿಬನ ಅಪ್ಪಾ, ಕೋಣೆಗೊಂದು ಕತ್ತೆ ಕಟ್ಟೋಣ, ಅವಾದ್ರೂ ಹೂಳು ಹೊರ್ತವೆ” ಎಂದಳು ರಯ್ಯಾ. ಅವನು ನಿಂಬೆಗಿಡಗಳ ಪಾತಿ ಸರಿಮಾಡುತ್ತ, “ಸರದಿ ಬರ್ಲಿ” ಎಂದ. ಯಾವುದಕ್ಕೂ ಅವನ ಉತ್ತರ ಅದೇ. ಹೊತ್ತು ಬಂದಾಗ ನೀರು ಬಂದೇ ಬರುತ್ತದೆಂದು ಇಪ್ಪತ್ತೆರಡು ವರ್ಷ ಜನರನ್ನು ಸಮಾಧಾನಪಡಿಸಿದವನ ಮಾತು ಅದು. ಆ ತಿಂಗಳು ಅದನ್ನು ಅವನು ತನಗೇ ಹೇಳಿಕೊಳ್ಳುತ್ತಿದ್ದನೆಂದು ನನ್ನ ಅನುಮಾನ.

ಡಿಸೆಂಬರಿನಲ್ಲಿ ಏಳು ಜನ ಬಂದರು. ಆಸ್ಟ್ರಿಯಾದ ಬೆಟ್ಟದೂರಿನವರು, ಮುಂದಾಳು ಗೆರ್ಟ್ರೌಡ್, ನಿವೃತ್ತ ಸೂಲಗಿತ್ತಿ, ಕಟ್ಟುಮಸ್ತಾದ ಹೆಂಗಸು. ಮೂರು ದಿನ ಅವರ ಕೈ ಒದ್ದೆಯಾದದ್ದು ಊಟಕ್ಕೆ ಮುಂಚೆ ಮಾತ್ರ. ನಾಲ್ಕನೆಯ ಬೆಳಗ್ಗೆ ಸುರಂಗಕ್ಕೆ ಇಳಿಯಲು ತೋಡಿದ ಬಾವಿಯ ಬಾಯಿಂದ ದಿಬ್ಬದವರೆಗೆ ಅವರೂ ಒಂಬತ್ತು ಹೆಂಗಸರೂ ಸಾಲಾಗಿ ನಿಂತರು. ಖಲ್ಫಾನ್ ಅಗೆಯುವವರೊಂದಿಗೆ ಕೆಳಗಿಳಿದ. ಖರ್ಜೂರದ ಗರಿಯ ಬುಟ್ಟಿಗಳು ಕೈಯಿಂದ ಕೈಗೆ ಸಾಗತೊಡಗಿದವು. ಊರಿನವರು ಕಿಟಕಿ ಮುಚ್ಚಿಕೊಂಡರು. ಅತಿಥಿ ಕೆಸರು ಹೊರುವುದನ್ನು ನೋಡುವುದಕ್ಕಿಂತ ಕತ್ತಲೆಯಲ್ಲಿ ಕೂರುವುದು ಮೇಲಲ್ಲವೆ?

ಸುವೈಲಿಮ್ ಮಾತ್ರ ಏದುಸಿರು ಬಿಡುತ್ತ ಬಂದ. ಬಾವಿಯೊಳಗೆ ಬಗ್ಗಿ ಕೂಗಿದ:

“ನಿಮ್ಮಪ್ಪ ಅತಿಥಿ ಕೈಗೆ ನೀರು ಹೊಯ್ತಿದ್ದ ಕಣೋ, ನೀನು ಕೆಸರು ಹೊಯ್ತಿದ್ದೀಯಾ!”

ಕೆಳಗಿನಿಂದ ದನಿ ಬಂತು: “ಇವತ್ತು ನಾಲ್ಕನೇ ದಿನ! ಬೆರಳು ಮಡಚಿ ಎಣಿಸು!”

ಸುವೈಲಿಮ್ ನಿಂತಲ್ಲೇ ಬೆರಳು ಮಡಚಿದ. ಅವರು ಬಂದದ್ದು ಭಾನುವಾರ, ಇಂದು ಬುಧವಾರ. ಅವನು ಇನ್ನೊಮ್ಮೆ ಎಣಿಸುತ್ತಿರುವಾಗ, ಅರಬ್ಬಿ ಬಾರದ ಗೆರ್ಟ್ರೌಡ್, ಈ ಮುದುಕನೂ ಕೆಲಸಕ್ಕೆ ಬಂದಿದ್ದಾನೆ ಎಂದುಕೊಂಡು, ನಗುತ್ತ, ತುಂಬಿದ ಬುಟ್ಟಿಯೊಂದನ್ನು ಅವನ ಎರಡೂ ಕೈಗೆ ಇಟ್ಟಳು.

ನಮ್ಮಲ್ಲಿ ಹೊರಗಿನಿಂದ ಬಂದವರು ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಕೆಳಗಿಡುವುದು ಇನ್ನೂ ದೊಡ್ಡ ಅವಮಾನ. ಸುವೈಲಿಮ್ ಬುಟ್ಟಿಯನ್ನು ನೋಡಿದ, ಆಕೆಯ ಮುಖ ನೋಡಿದ, ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಮುಂದಿನವರ ಕೈಗೆ ದಾಟಿಸಿದ. ತಿರುಗುವಷ್ಟರಲ್ಲಿ ಎರಡನೆಯದು ಬಂದಿತ್ತು. ಮಧ್ಯಾಹ್ನದ ಪ್ರಾರ್ಥನೆಯ ಕರೆ ಕೇಳುವವರೆಗೆ ಅವನಿಗೆ ಆ ಸಾಲಿನಿಂದ ಬಿಡುಗಡೆಯಾಗಲಿಲ್ಲ.

ಯಾರೋ ಅದನ್ನು ಮೊಬೈಲಿನಲ್ಲಿ ಸೆರೆಹಿಡಿದಿದ್ದರು. ಎಪ್ಪತ್ತನಾಲ್ಕು ವರ್ಷದ ತಂದೆ ಪರದೇಶದ ಹೆಂಗಸರ ನಡುವೆ ನಿಂತು ಹೂಳು ಹೊರುತ್ತಿರುವ ಚಿತ್ರ ಅದೇ ಸಂಜೆ ಮಸ್ಕತ್ತಿನಲ್ಲಿದ್ದ ಸುವೈಲಿಮನ ಮಕ್ಕಳಿಗೂ, ಅವರಿಂದ ಊರಿನ ಉಳಿದ ಗಂಡಸರಿಗೂ ತಲುಪಿತು. ಮರುದಿನದಿಂದ ಫೋನುಗಳು ಹೊಡೆದುಕೊಂಡವು. ಶುಕ್ರವಾರ ಹನ್ನೊಂದು ಕಾರುಗಳು ಬೆಟ್ಟ ಹತ್ತಿ ಬಂದವು. ಇಸ್ತ್ರಿ ಮಾಡಿದ ನಿಲುವಂಗಿಗಳು ಸೊಂಟಕ್ಕೆ ಏರಿದವು. ಮುಂದಿನ ವಾರ ಹದಿನೇಳು ಕಾರು. ಜನವರಿಯ ಹೊತ್ತಿಗೆ ಸಾಲಿನಲ್ಲಿ ನಿಲ್ಲಲು ಅತಿಥಿಗಳಿಗೆ ಜಾಗ ಬಿಡಿಸಿಕೊಡಬೇಕಾಗಿತ್ತು, ಆರು ಕೋಣೆಯೂ ತುಂಬಿದ್ದವು.

ಮೂರನೆಯ ಬಾವಿಯ ಕೆಳಗೆ ಕುಸಿದ ಬಂಡೆ ಒಡೆದ ದಿನ, ಹೊಂಬಾಳೆ ಒಡೆಯಲು ಇನ್ನೂ ಒಂಬತ್ತು ದಿನವಿತ್ತು. ನೀರು ಊರಿಗೆ ಬಂದ ಸದ್ದು ಮೊದಲು ಕೇಳಿಸಿತು, ಆಮೇಲೆ ಕಂಡಿತು. ಒಣ ಎಲೆಗಳನ್ನೂ ಧೂಳನ್ನೂ ಮುಂದೆ ತಳ್ಳಿಕೊಂಡು ಅದು ತೋಟದಿಂದ ತೋಟಕ್ಕೆ ಹೋಯಿತು. ಕಾಲುವೆಯ ಅಂಚಿನ ಮೇಲೆ, ಅದರ ವೇಗಕ್ಕೆ ಸರಿಯಾಗಿ, ಮೈಯೆಲ್ಲ ಕೆಸರಾದ ಖಲ್ಫಾನ್. ಅವನ ಹಿಂದೆ ಒಬ್ಬರ ಹಿಂದೊಬ್ಬರಾಗಿ ಇಡೀ ಊರು. ಮಾಳಿಗೆಗಳ ಮೇಲಿಂದ ಹೆಂಗಸರು ಸಂಭ್ರಮಕ್ಕೆ ನಾಲಿಗೆ ಆಡಿಸಿ ಉಲಿದರು. ರಯ್ಯಾಳ ದನಿ ಎಲ್ಲಕ್ಕಿಂತ ಮೇಲಿತ್ತು. ನೀರು ಕಟ್ಟಕಡೆಯ ತೋಟ ಹೊಕ್ಕು, ಕಟ್ಟಕಡೆಯ ಮರದ ಬುಡವನ್ನು ಸುತ್ತಿ, ಪಾತಿಯ ಏರಿಯನ್ನು ದಾಟಿ ಚೆಲ್ಲತೊಡಗಿತು.

ಸುವೈಲಿಮ್ ಬಗ್ಗಿ ಏರಿಯನ್ನು ಕೈಯಿಂದ ಮುಟ್ಟಿ ನೋಡಿದ. ಆಮೇಲೆ ಗದರಿದ:

“ಇಷ್ಟೊಂದು ಯಾಕೋ ಬಿಟ್ಟೆ? ನನ್ನ ಏರಿ ಒಡೆದುಹೋಗ್ತಿದೆ!”

“ಗುದ್ದಲಿ ಇಲ್ವಾ ಮನೇಲಿ?” ಎಂದ ಖಲ್ಫಾನ್.

ಊರೇ ನಕ್ಕಿತು. ಸುವೈಲಿಮನೂ ನಕ್ಕು ಗುದ್ದಲಿಗೆ ಕೈಚಾಚಿದ. ಆ ಕಣಿವೆಯ ಇನ್ನೂ ನಾಲ್ಕು ಊರುಗಳಲ್ಲಿ ಈಗ ಅತಿಥಿಗಳು ನಾಲ್ಕು ರಾತ್ರಿ ಉಳಿಯುತ್ತಾರೆ, ನಾಲ್ಕನೆಯ ದಿನ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮೂರಲ್ಲಿ ಕೋಣೆ ಬೇಕಾದವರು ಎರಡು ಚಳಿಗಾಲ ಕಾಯಬೇಕು. ಕೋಣೆಗಳ ಸಂಖ್ಯೆ ಏರಿಲ್ಲ.

ವ್ಯಾಪಾರ ಹಬ್ಬಿಸುವವರನ್ನು ಲೋಕ ಬೇಗ ಗುರುತಿಸಿ ಹಾರ ಹಾಕುತ್ತದೆ. ಇಷ್ಟು ಸಾಕು ಎಂದು ಗೆರೆ ಎಳೆದು, ಆ ಗೆರೆಯ ಮೇಲೆ ತಾವೇ ಮೊದಲು ನಿಲ್ಲುವವರು ಹಾರಕ್ಕೆ ಸಿಗುವುದಿಲ್ಲ. ಅವರ ಮಾತು ಒರಟು, ಲೆಕ್ಕ ಕಟ್ಟುನಿಟ್ಟು, ಸಭೆಯಲ್ಲಿ ಅವರ ಪಕ್ಕ ಕೂರಲು ಯಾರಿಗೂ ಇಷ್ಟವಿಲ್ಲ. ಇಂಥವರೊಡನೆ ಬಾಳುವುದು ಕಷ್ಟವೆಂದು ನಾನು ಒಪ್ಪುತ್ತೇನೆ. ಆದರೆ ಇಂಥವರೊಬ್ಬರು ಇರುವ ಊರಿನಲ್ಲಿ ಕಾಲುವೆಯ ಕೊನೆಯ ತೋಟದವನೂ ಮರ ನೆಡಬಹುದು.