ನಲವತ್ತಮೂರು ಕಿಲೋ

ಚೀಲ ತೂಗುವ ಕಾಟಾದ ಮೇಲೆ ನಿಲ್ಲಲು ಕನಕಮ್ಮನಿಗೆ ನಾಚಿಕೆ. ನಿಲ್ಲಿಸುವ ತಾಯಿ ಸೂಗಮ್ಮನಿಗೆ ನಾಚಿಕೆ ಪಡಲೂ ತ್ರಾಣ ಉಳಿದಿರಲಿಲ್ಲ. ಮಸ್ಕಿಯ ಸಂತೆಗೆ ಬಂದವರು ನಿಂತು ನೋಡಿದರೆ ನೋಡಿಕೊಳ್ಳಲಿ, ವಾರವಾರವೂ ಗೌಸ್‌ಸಾಬನ ಶೇಂಗಾ ಅಂಗಡಿಯಲ್ಲಿ ಮಗಳನ್ನು ಕಾಟಾ ಹತ್ತಿಸುವುದು ಅವಳು ಬಿಡಲಿಲ್ಲ.

ಆದದ್ದು ಇಷ್ಟೇ. ಬಳಗಾನೂರಿಗೆ ಕೊಟ್ಟ ಹುಡುಗಿ ಗದ್ದೆಯಲ್ಲಿ ನಾಟಿ ಹಚ್ಚುವಾಗ ತಲೆ ತಿರುಗಿ ಬಿದ್ದಳು. ಹೊಟ್ಟೆಯಲ್ಲಿದ್ದದ್ದೂ ನಿಲ್ಲಲಿಲ್ಲ. ಅತ್ತೆ ಯಮನಮ್ಮ ತಾನೇ ಬಸ್ಸಿನಲ್ಲಿ ಕರೆತಂದು ಬಿಟ್ಟು ಹೋದಳು.

“ಬರೇ ಎಲುಬು ಅದಾವ ತಂಗಿ. ಮೈ ಕೈ ತುಂಬಿಸಿ ಕಳಸು. ಯುಗಾದಿ ತನಕ ನೋಡ್ತೀವಿ. ಇಲ್ಲಂದ್ರ ನಮ್ಮ ಅಂಬಪ್ಪಗ ಬ್ಯಾರೆ ಹೆಣ್ಣು ನೋಡಬೇಕಾಗತೈತಿ.”

ಸೂಗಮ್ಮ ಮಗಳನ್ನು ಲಿಂಗಸುಗೂರಿನ ಡಾಕ್ಟರರ ಹತ್ತಿರ ಒಯ್ದಳು. ಅವರು ತೂಕ ಹಿಡಿದರು, ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ತೂಕವನ್ನು ಎತ್ತರದಿಂದ ಒಮ್ಮೆಯಲ್ಲ, ಎರಡು ಸಲ ಭಾಗಿಸಿದರು. “ಹದಿನಾರು ಬಂತು. ಹದಿನೆಂಟೂವರಿಯರ ಇರಬೇಕು. ಈಕಿ ಎತ್ತರಕ್ಕ ನಲವತ್ತಮೂರು ಕಿಲೋ ತೂಗಬೇಕು. ಆದ್ರ ಇದೊಂದ ಲೆಕ್ಕ ಹಿಡಕೊಂಡು ಕೂಡಬ್ಯಾಡ್ರಿ, ತಿಂಗಳಿಗೊಮ್ಮೆ ತೋರಿಸಾಕ ಬರ್ರಿ,” ಎಂದರು. ಅಷ್ಟೆಲ್ಲ ಮಾತಿನಲ್ಲಿ ಸೂಗಮ್ಮನ ಕಿವಿಗೆ ಬಿದ್ದದ್ದು ನಲವತ್ತಮೂರು ಒಂದೇ.

ಹಗಲೆಲ್ಲ ಪರರ ಹೊಲದಲ್ಲಿ ಕಸ ಕೀಳುವುದು, ಬಂದು ರೊಟ್ಟಿ ಬಡಿಯುವುದು, ಬೇಡ ಬೇಡ ಎನ್ನುವ ಮಗಳ ಮುಂದೆ ಹಾಲು, ತತ್ತಿ, ಶೇಂಗಾ ಚಟ್ನಿಪುಡಿ ಇಟ್ಟು ಕಾಯುವುದು. ಸೂಗಮ್ಮನ ಬೆನ್ನು ಅವಳ ಮಾತು ಕೇಳದಾಗಿತ್ತು. ಕಾಟಾದ ಕಡ್ಡಿಯೋ, ಹಟ ಹಿಡಿದವರ ಹಾಗೆ ಏಳಲೊಲ್ಲದು. ಸಂಕ್ರಾಂತಿ ಕಳೆದ ಮೇಲೆ ನೋಡಿ, ತೂಕ ಒಮ್ಮೆಲೇ ಏರತೊಡಗಿತು. ಹುಡುಗಿಯ ಮುಖ ದುಂಡಗಾಯಿತು. ಓಣಿಯವರು ಕಳೆ ಬಂತು ಎಂದರು. ಇನ್ನು ಡಾಕ್ಟರರ ಹತ್ತಿರ ಯಾಕೆ, ಒಂದು ದಿನದ ಕೂಲಿ ದಂಡ ಎಂದು ಸೂಗಮ್ಮ ಲಿಂಗಸುಗೂರಿನ ದಾರಿಯನ್ನೇ ಮರೆತಳು.

“ನಲವತ್ತಮೂರು ದಾಟಿತು ನೋಡಬೇ ಯಮ್ಮಾ,” ಎಂದ ಗೌಸ್‌ಸಾಬ. ಅವತ್ತೇ ಬಳಗಾನೂರಿಗೆ ಸುದ್ದಿ ಹೋಯಿತು.

ಕರೆಯಲು ಬರುವ ದಿನ ಮುಂಜಾನೆ ಸೂಗಮ್ಮ ಮಗಳ ಕಾಲಿಗೆ ಅರಿಶಿಣ ಹಚ್ಚಲು ಕುಳಿತಳು. ಹೆಬ್ಬೆರಳು ಒತ್ತಿದಲ್ಲಿ ಕುಳಿ ಬಿತ್ತು. ಬೆರಳು ತೆಗೆದರೂ ಕುಳಿ ಹಾಗೆಯೇ ಇತ್ತು. ಇನ್ನೊಂದು ಕಾಲು ಒತ್ತಿದಳು, ಅಲ್ಲೂ ಅದೇ. ಎರಡು ತಿಂಗಳು ತಾನು ತುಂಬಿದ್ದು ನೀರು. ಕಾಟಾಕ್ಕೇನು, ರೊಟ್ಟಿಯೂ ಒಂದೇ, ನೀರೂ ಒಂದೇ.

ಅಷ್ಟರಲ್ಲಿ ಯಮನಮ್ಮ, ಅಂಬಪ್ಪ ಬಂದೇ ಬಿಟ್ಟರು. ಸೊಸೆಯ ಗಲ್ಲ ಹಿಡಿದು ನೋಡಿ ಯಮನಮ್ಮ ನಕ್ಕಳು. “ಈಗ ಹೆಣ್ಣು ಹೆಣ್ಣಿನಂಗ ಆತು. ಹೊಂಡ್ರಿ ಮತ್ತ.”

ಸುಮ್ಮನೆ ಕಳಿಸಿದರಾಯಿತು ಎಂದು ಸೂಗಮ್ಮನಿಗೆ ಅನ್ನಿಸಲಿಲ್ಲವೆಂದರೆ ಸುಳ್ಳಾದೀತು. ತೂಕ ಬಂದಿದೆ, ಮಾತು ಉಳಿದಿದೆ, ಇನ್ನು ಅವರ ಮನೆ, ಅವರ ಸೊಸೆ. ತನಗೂ ಸಾಕಾಗಿದೆ. ಆದರೆ ಹೊಸ್ತಿಲ ಹತ್ತಿರ ಕಾಲು ಎತ್ತಿಡಲು ಗೋಡೆ ಹಿಡಿದ ಮಗಳನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಬೀಗತಿಯ ಕೈ ಹಿಡಿದು ಕೂರಿಸಿ, ಅವಳ ಬೆರಳನ್ನೇ ಕನಕಮ್ಮನ ಮೊಳಕಾಲ ಕೆಳಗೆ ಒತ್ತಿಸಿದಳು.

“ಯಕ್ಕಾ, ಇದು ಮಾಂಸ ಅಲ್ಲ, ಬಾವು. ಒಳಗ ಏನ್ ಕೆಟ್ಟೈತೋ ಗೊತ್ತಿಲ್ಲ. ನಾ ಕಳಸಂಗಿಲ್ಲ, ಡಾಕ್ಟರ್ ಹತ್ರ ಒಯ್ತೀನಿ.”

ಯಮನಮ್ಮ ಕೈ ಹಿಂದಕ್ಕೆಳೆದುಕೊಂಡಳು. “ಹಂಗಾರ ನಮ್ಮ ದಾರಿ ನಾವು ನೋಡ್ಕೊಂತೀವಿ,” ಎಂದು ಎದ್ದಳು. ಅಂಬಪ್ಪ ಹೆಂಡತಿಯ ಕಾಲನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡಿದ. ನೋಡಿ ತಾಯಿಯ ಹಿಂದೆ ಹೋದ.

ಸೂಗಮ್ಮ ಮಗಳ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ನನ್ನ ಕಣ್ಣಿಗೆ ಮಣ್ಣು ಬಿತ್ತೇ ತಾಯಿ. ಯಾವಾಗಿಂದ ಬಾತಿತ್ತೋ, ನನಗ ತಿಳೀಲೇ ಇಲ್ಲ.”

“ನನಗ ಗೊತ್ತಿತ್ತವ್ವಾ,” ಎಂದಳು ಕನಕಮ್ಮ. “ತಿಂಗಳಾತು. ಸಂತ್ಯಾಗ ತೂಕ ಏರಿದಾಗ ನೀ ನಗತಿದ್ದಿ. ಅಪ್ಪ ಹೋದ ಮ್ಯಾಲ ನೀ ನಕ್ಕಿದ್ದ ನಾ ನೋಡಿರಲಿಲ್ಲ.”