ಕಲಾವತಿಯವರ ಕೊನೆಯ ಪೇಪರು

ಬಿ.ಎ. ಮುಗಿಸಲು ಕಲಾವತಿಯವರಿಗೆ ಉಳಿದಿದ್ದುದು ಒಂದೇ ಪೇಪರು, ಹಳೇ ಇಂಗ್ಲಿಷ್ ದುರಂತ ನಾಟಕದ್ದು. ಮದುವೆಯಾದ ವರ್ಷ ಬಿಟ್ಟ ಓದನ್ನು ಅರವತ್ತರ ಹತ್ತಿರ ದೂರಶಿಕ್ಷಣದಲ್ಲಿ ಮತ್ತೆ ಹಿಡಿದಿದ್ದರು. ಮಿಕ್ಕೆಲ್ಲ ಪಾಸಾಗಿತ್ತು. ಇದರಲ್ಲಿ ಎರಡು ಸಲ ಫೇಲು. ಈ ಸಲವೂ ಹೋದರೆ ಮತ್ತೆ ಅವಕಾಶವಿರಲಿಲ್ಲ.

ಸೊಸೆ ವಚನಾ ವಿಜಯನಗರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಬಸವೇಶ್ವರನಗರದ ಮನೆಯಲ್ಲಿ ದಿನಾ ಸಂಜೆ ಅತ್ತೆಗೆ ಪಾಠ. ಹಿದರ್ ಅಂದರೆ ಇಲ್ಲಿಗೆ, ಹೆನ್ಸ್ ಅಂದರೆ ಇಲ್ಲಿಂದ, ವೇರ್‌ಫೋರ್ ಅಂದರೆ ಎಲ್ಲಿ ಅಲ್ಲ, ಯಾಕೆ. ಇವನ್ನೆಲ್ಲ ಕಲಾವತಿ ಒಲೆಯ ಮುಂದೆ ನಿಂತೇ ಬಾಯಿಪಾಠ ಮಾಡಿದರು. ತೊಡಕಾದದ್ದು ರಾಣಿಯೊಬ್ಬಳು ಹೆತ್ತ ಮಗನನ್ನೇ ಗಡೀಪಾರು ಮಾಡುವ ದೃಶ್ಯದಲ್ಲಿ. ರಾಣಿ ಅವನನ್ನು ಮೊದಲು 'ದೌ' ಎನ್ನುತ್ತಾಳೆ, ಕೊನೆಗೆ 'ಯೂ' ಎನ್ನುತ್ತಾಳೆ.

"ದೌ ಅಂದ್ರೆ ಮರ್ಯಾದೆ ಅಲ್ವಾ? ದೇವರಿಗೂ ಹಾಗೇ ಅಂತಾರಲ್ಲ," ಎಂದರು ಕಲಾವತಿ.

"ಅಲ್ಲ ಅತ್ತೆ. ದೌ ಅಂದ್ರೆ ನೀನು, ಯೂ ಅಂದ್ರೆ ನೀವು. ನಿನ್ನೇನೂ ಹೇಳ್ದೆ, ಮೊನ್ನೇನೂ ಹೇಳ್ದೆ."

"ಮತ್ತೆ ಓಡ್ಸೋವಾಗ ಯಾಕೆ ನೀವು ಅಂತಾಳೆ? ಸಿಟ್ಟು ಬಂದಾಗ ಯಾರಾದ್ರೂ ಮರ್ಯಾದೆ ಕೊಡ್ತಾರಾ?"

ವಚನಾ ಅಂದು ಇಡೀ ದಿನ ಉತ್ತರಪತ್ರಿಕೆ ತಿದ್ದಿ ಬಂದಿದ್ದಳು. "ನಮ್ಮ ಲಾಸ್ಟ್ ಬೆಂಚ್ ಹುಡುಗ್ರಿಗೂ ಇಷ್ಟೊತ್ತಿಗೆ ಅರ್ಥ ಆಗಿರ್ತಿತ್ತು," ಎಂದುಬಿಟ್ಟಳು.

ಟಿವಿ ನೋಡುತ್ತಿದ್ದ ಅವಳ ಗಂಡ ಚನ್ನವೀರೇಶ್ ಸೌಂಡ್ ಕಮ್ಮಿ ಮಾಡಿದ. ಕಲಾವತಿ ಕನ್ನಡಕ ತೆಗೆದಿಟ್ಟರು.

"ನಿಮಗೆ ಸುಸ್ತಾಗಿದೆ. ನೀವು ಊಟ ಮಾಡಿ ಮಲಗಿ."

ಇಷ್ಟು ವರ್ಷದಲ್ಲಿ ಅತ್ತೆ ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ವಚನಾಳ ಕಿವಿ ಬಿಸಿಯಾಯಿತು. ಅವರಿಗೆ ದೃಶ್ಯ ಅರ್ಥವಾಗಿತ್ತೋ, ಸಿಟ್ಟಿಗೆ ಆ ಮಾತು ತಾನಾಗಿ ಬಂತೋ, ಕೇಳುವ ಧೈರ್ಯವಾಗಲಿಲ್ಲ.

ಆ ವಾರ ಪಾಠ ನಡೆಯಲಿಲ್ಲ. ಅತ್ತೆಯ ಬಹುವಚನ ಮಾತ್ರ ನಿಲ್ಲಲಿಲ್ಲ. "ನಿಮ್ಮ ಡಬ್ಬಿ ಕಟ್ಟಿದೀನಿ." "ನಿಮಗೆ ಕೊರಿಯರ್ ಬಂದಿದೆ." ಒಂದು ಸಂಜೆ ವಚನಾ ಪುಸ್ತಕ ಹಿಡಿದು ಎದುರು ಕುಳಿತರೆ ಕಲಾವತಿ ಎದ್ದು ಬಟ್ಟೆ ಮಡಿಸಲು ಹೋದರು.

ಪರೀಕ್ಷೆಯ ಬೆಳಿಗ್ಗೆ ಕಲಾವತಿ ಬುಕ್ ಮಾಡಿದ ಆಟೋ ಕ್ಯಾನ್ಸಲ್ ಆಯಿತು, ಮತ್ತೊಂದೂ ಆಯಿತು. ಹೊತ್ತು ಮೀರುತ್ತಿತ್ತು. ವಚನಾ ಸ್ಕೂಟರ್ ತಂದು ಗೇಟಿನ ಮುಂದೆ ನಿಲ್ಲಿಸಿದಳು. ಕಲಾವತಿ ಹತ್ತಿದರು, ಸೊಸೆಯ ಭುಜ ಮುಟ್ಟದೆ ಹಿಂದಿನ ಕಂಬಿ ಹಿಡಿದು ಕುಳಿತರು.

ಮಾರೇನಹಳ್ಳಿಯ ಬಳಿ ಗಾಡಿಗಳು ಅಲುಗಾಡದೆ ನಿಂತುಬಿಟ್ಟವು.

"ಅತ್ತೆ, ಅವತ್ತು ನಾನು ಹಾಗೆ ಅನ್ಬಾರ್ದಿತ್ತು. ತಪ್ಪಾಯ್ತು," ಎಂದಳು ವಚನಾ, ತಿರುಗದೆ.

"ಕಾಲೇಜು ಬಿಡ್ಸಿದಾಗ ನಮ್ಮ ಮಾವನೋರೂ ಅದೇ ಅಂದಿದ್ರು. ನಿನ್ ತಲೆಗೆ ಹತ್ತಲ್ಲ, ಸುಮ್ನಿರು ಅಂತ." ಕಲಾವತಿ ಕಂಬಿ ಬಿಟ್ಟು ಸೊಸೆಯ ಭುಜ ಹಿಡಿದರು. "ನೀನೂ ಅಂದ್ಬಿಟ್ಯಲ್ಲೇ."

ವಚನಾಳ ಕಣ್ಣು ತುಂಬಿ ಮುಂದಿನ ಬಸ್ಸು ಮಸುಕಾಯಿತು.

"ಅಳ್ಬೇಡ, ರಸ್ತೆ ನೋಡು. ಪ್ರೆಸೆಂಟ್ಲಿ ಅಂದ್ರೆ ಈಗ್ಲೇ ಅಂತಲೋ, ಆಮೇಲೆ ಅಂತಲೋ?"

"ಆಗಿನ ಕಾಲಕ್ಕೆ ಈಗ್ಲೇ ಅಂತ."

ಪರೀಕ್ಷಾ ಕೇಂದ್ರದ ಬಾಗಿಲು ಮುಚ್ಚುವಷ್ಟರಲ್ಲಿ ಕಲಾವತಿ ಒಳಗೆ ಸೇರಿಕೊಂಡರು. ವಚನಾ ಕಾಲೇಜಿಗೆ ರಜೆ ಹೇಳಿ ಎದುರಿನ ಬೇಕರಿಯಲ್ಲಿ ಕಾದಳು. ತಂದ ಟೀ ಆರಿಹೋಯಿತು.

"ರಾಣಿ ಪ್ರಶ್ನೆನೇ ಬಂತು," ಎಂದರು ಕಲಾವತಿ ಹೊರಗೆ ಬಂದು. "ಮಗನ್ನ ಹೊರಗಿನವನ ಥರ ಮಾತಾಡ್ಸಿದ್ಲು, ಅದು ಬೈಗುಳಕ್ಕಿಂತ ಕೆಟ್ಟದ್ದು ಅಂತ ಬರ್ದಿದೀನಿ. ಸರಿಯೋ ತಪ್ಪೋ."

ವಚನಾ ಸರಿ ಎಂಬಂತೆ ತಲೆಯಾಡಿಸಿದಳು.

ಫಲಿತಾಂಶ ಬಂದಾಗ ಅವರು ಪಾಸಾಗಿದ್ದರು, ಅಂಚಿನಿಂದ ಚೂರು ಮೇಲೆ. ಚನ್ನವೀರೇಶ್ ಸ್ವೀಟ್ ತಂದ. ಕಲಾವತಿ ಮೊಬೈಲಿನಲ್ಲಿ ಅಂಕವನ್ನು ದೊಡ್ಡದು ಮಾಡಿ ನೋಡಿದರು.

"ಇಷ್ಟೇನಾ ಕೊಟ್ಟಿರೋದು? ರೀವ್ಯಾಲ್ಯುಯೇಷನ್‌ಗೆ ಹಾಕು ವಚನಾ."